ಪಂಡಿತರು ಓದದ ಚೀಟಿ

ಸೈಕಲ್ ಅಂಗಡಿಯ ಬಾಗಿಲಿನ ಹಲಗೆಗೆ ಕಾಸಿಂಸಾಬ ಹಾರೆ ಹಾಕಿ ಮೀಟುತ್ತಿದ್ದಾಗ ಶ್ರೀಶೈಲಪ್ಪ ಓಡಿಬಂದು ಇನ್ನೊಂದು ತುದಿ ಹಿಡಿದುಕೊಂಡ. ಮೊಳೆಗಳು ಕಿರ್ರೆಂದು ಬಿಟ್ಟವು. ಹಲಗೆ ಕಿತ್ತು ಬಂದ ರಭಸಕ್ಕೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ಇನ್ನೊಂದ ಕಿತ್ತಿದ್ರ ಆತ್ರಿ ಪಂಡಿತ್ರ," ಎಂದ ಕಾಸಿಂಸಾಬ ಬೆವರು ಒರೆಸಿಕೊಳ್ಳುತ್ತ. "ಭಾವಾರು ಎತ್ತರದಾಳು. ಗೋರಿ ಗುಂಡಿ ಮ್ಯಾಲ ಹಾಸಾಕ ಆರರೆ ಹಲಗಿ ಬೇಕಂತ ತೋಡಾವ್ರು ಹೇಳಿ ಕಳಿಸ್ಯಾರ."

"ಅಂಗಡಿಗೆ ಬಾಗಲಾನ ಇಲ್ದಂಗ ಆಕ್ಕೈತಲ್ಲೋ ಕಾಸಿಂ."

"ಆಗ್ಲಿ ಬಿಡ್ರಿ. ಒಳಗ ಕದಿಯಾಕ ಏನೈತಿ? ಗಾಳಿ ಹೊಡಿಯೋ ಪಂಪ ಐತಿ. ಅದನ್ನ ಹೊಡದ ಹೊಡದ ಅವ್ರ ಎದಿ ಒಡೀತು. ಯಾರರೆ ಕದ್ದ ಒಯ್ದ್ರ ಪುಣ್ಯಾ ಬರ್ತೈತಿ."

ಮುರ್ತುಜಾಸಾಬ ಮಾಸ್ತರರು ಸತ್ತದ್ದು ಅವತ್ತು ಬೆಳಿಗ್ಗೆ ಏಳಕ್ಕೆ, ಅದೇ ಅಂಗಡಿಯ ಮುಂದೆ, ಯಾರದೋ ಸೈಕಲ್ಲಿನ ಹಿಂದಿನ ಗಾಲಿಗೆ ಗಾಳಿ ಹೊಡೆಯುತ್ತ. ಐವತ್ತೊಂದು ವಯಸ್ಸು. ಮುದ್ದೇಬಿಹಾಳದಲ್ಲಿ ಹುಟ್ಟಿ, ಬಸವನ ಬಾಗೇವಾಡಿಯಲ್ಲಿ ಎಂಟು ವರ್ಷ ಕಲಿಸಿ, ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯ ಈ ಊರಿನ ಹೈಸ್ಕೂಲಿಗೆ ಬಂದು ಹತ್ತು ವರ್ಷ ಬೀಜಗಣಿತ ಹೇಳಿಕೊಟ್ಟವರು, ಕಡೆಯ ಎರಡೂವರೆ ವರ್ಷ ಹೆಂಡತಿಯ ತಮ್ಮ ಈ ಕಾಸಿಂಸಾಬನ ಅಂಗಡಿಯಲ್ಲಿ ಪಂಕ್ಚರ್ ತೆಗೆದರು. ತಾವೇ ಪಾಸು ಮಾಡಿಸಿದ ಹುಡುಗರ ಸೈಕಲ್ಲಿಗೆ ತಾವೇ ಕುಕ್ಕರಗಾಲಿನಲ್ಲಿ ಕೂತು ಗಾಳಿ ಹೊಡೆದರು. ಊರು ಇದನ್ನು ದಿನಾ ನೋಡಿತು. ಊರಿಗೆ ಕಣ್ಣಿಗೇನು ಕಡಿಮೆಯಿರಲಿಲ್ಲ, ಬಾಯಿ ಮಾತ್ರ ಬಿದ್ದುಹೋಗಿತ್ತು.

ಶ್ರೀಶೈಲಪ್ಪ ಅದೇ ಹೈಸ್ಕೂಲಿನ ಕನ್ನಡ ಪಂಡಿತ. ಸಂಜೆ ಸಾಲೆ ಬಿಟ್ಟ ಮೇಲೆ ಅವನು ಸೈಕಲ್ ತಳ್ಳಿಕೊಂಡು ಈ ಅಂಗಡಿಗೆ ಬರುತ್ತಿದ್ದ. "ಗಾಳಿ ನೋಡ್ರಿ ಸಾಬ್ರ," ಎನ್ನುತ್ತಿದ್ದ. ಮಾಸ್ತರರು ಟೈರು ಒತ್ತಿ ನೋಡಿ, "ಭರ್ತಿ ಐತ್ರಿ ಪಂಡಿತ್ರ," ಎಂದು ನಗುತ್ತಿದ್ದರು. ಮಳೆ, ಬೆಳೆ, ಜೋಳದ ದರ, ಮಕ್ಕಳ ಮದುವೆ ಎಲ್ಲ ಮಾತಾಡುತ್ತಿದ್ದರು. ಒಂದು ದಿನದ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

"ಊರಾಗ ಮಾಸ್ತರ, ಮಾಸ್ತರ ಅಂತ ಹಿಂದ ಅಡ್ಡಾಡಿದವ್ರೆಲ್ಲಾ ಆಮ್ಯಾಲ ಓಣಿನ ಬದಲಿಸಿದ್ರು," ಎಂದ ಕಾಸಿಂಸಾಬ, ಕಡೆಯ ಹಲಗೆಗೆ ಹಾರೆ ಹಾಕುತ್ತ. "ದಿನಾ ಬಂದು ಮಾತಾಡ್ಸಿದವ್ರು ನೀವೊಬ್ರ. ನಾ ಮರಿಯೂದಿಲ್ರಿ."

ಶ್ರೀಶೈಲಪ್ಪ ಹಲಗೆಯನ್ನು ಇದ್ದ ಬಲವೆಲ್ಲ ಹಾಕಿ ಎಳೆದ. ಬೆಳಗಿನಿಂದ ಅವನೊಳಗೆ ಸಿಟ್ಟು ಕುದಿಯುತ್ತಿತ್ತು. ಸಾಲೆಯ ಕಮಿಟಿಯ ಚೇರ್ಮನ್ ಸಂಗಣ್ಣನ ಮೇಲೆ ಸಿಟ್ಟು, ಎರಡೂವರೆ ವರ್ಷದ ಹಿಂದೆ ಜೀಪಿನಲ್ಲಿ ಬಂದ ಪೊಲೀಸ್ ಫೌಜದಾರನ ಮೇಲೆ ಸಿಟ್ಟು, ಈ ಊರಿನ ಮೇಲೆ ಸಿಟ್ಟು. ಇನ್ನೊಬ್ಬನ ಮೇಲೂ ಇತ್ತು. ಆ ಇನ್ನೊಬ್ಬ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಆ ಕಡೆ ಹೋಗದಂತೆ ಮನಸ್ಸನ್ನು ಎಳೆದೆಳೆದು ಇಟ್ಟುಕೊಂಡಿದ್ದ.

ಹಲಗೆಗಳನ್ನು ಬಂಡಿಗೆ ಹಾಕಿ ಮನೆಗೆ ಬಂದಾಗ ಒಳಗೆ ಹೆಂಗಸರು ಕಿಕ್ಕಿರಿದಿದ್ದರು. ಚಡಚಣಕ್ಕೆ ಕೊಟ್ಟ ಮಗಳು ಅಬಿದಾ ಆಗಲೇ ಬಸ್ಸಿಳಿದು ಬಂದಿದ್ದಳು. ಮಾಸ್ತರರ ಹೆಂಡತಿ ರಮಜಾನಬಿ ಹೊಸ್ತಿಲ ತನಕ ಬಂದು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಅವಳ ಹಿಂದೆ ಶ್ರೀಶೈಲಪ್ಪನ ಹೆಂಡತಿ ಶೇವಂತೆವ್ವ ನಿಂತಿದ್ದಳು. ಅವಳು ಗಂಡನ ಮುಖವನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ನಿಮ್ಮ ದೋಸ್ತ್ ಹೋದ್ರಿ, ಪಂಡಿತ್ರ," ಎಂದಳು ರಮಜಾನಬಿ.

"ಹೌದ್ರಿ ವೈನಿ."

"ಇಷ್ಟು ದೊಡ್ಡ ಊರಾಗ ಆ ಚೀಟಿ ಓದಾವ್ರು ಒಬ್ರೂ ಇರ್ಲಿಲ್ಲೇನ್ರಿ ಅಂತ ನಾ ಎಷ್ಟೋ ಸಲ ಕೇಳಿದ್ನಿ. ನಕ್ಕೋತ ಸುಮ್ನ ಕುಂಡ್ರತಿದ್ರು. ಒಂದ ದಿನಾ ಒಬ್ರ ಹೆಸರ ಹೇಳ್ಲಿಲ್ಲ, ಒಬ್ರನ್ನ ಬೈಲಿಲ್ಲ. ನನಗ ಅದ ಸಿಟ್ಟ ಬರ್ತಿತ್ತು ನೋಡ್ರಿ. ಬೈದಿದ್ರ ಎದಿ ಹಗರ ಆಗಿ ಇನ್ನ ನಾಕ ದಿನಾ ಉಳೀತಿದ್ರು."

ಶ್ರೀಶೈಲಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಸೀದಿಯ ಕಡೆ ಮಂದಿ ಸೇರುತ್ತಿದ್ದಾರೆ ಎಂದು ಏನೋ ಹೇಳಿ ಹೊರಟ.

*

ಮಾಸ್ತರರು ಈ ಊರಿಗೆ ಬಂದಾಗ ಬೀಜಗಣಿತದ ತಾಸು ಬಂತೆಂದರೆ ಅರ್ಧ ವರ್ಗಕ್ಕೆ ಹೊಟ್ಟೆನೋವು ಬರುತ್ತಿತ್ತು. ಕುರಿ ಕಾಯುವವರ ಮಕ್ಕಳು, ಗಾಣದವರ ಮಕ್ಕಳು, ಸಾಹುಕಾರರ ಮಕ್ಕಳು, ಎಲ್ಲರಿಗೂ ಒಂದೇ ನೋವು. ಕ್ಷ ಎಂದರೇನು, ಅದು ಯಾಕೆ ಲೆಕ್ಕದಲ್ಲಿ ಬಂದು ಕೂತಿದೆ, ಯಾರಿಗೂ ತಿಳಿಯದು. ಅದಕ್ಕಿಂತ ಮುಂಚಿನ ಮಾಸ್ತರರು ಬೆತ್ತದಿಂದ ತಿಳಿಸಲು ನೋಡಿ ಸೋತಿದ್ದರು.

ಮುರ್ತುಜಾಸಾಬರು ಒಂದು ದಿನ ಕರಿಹಲಗೆಯ ಮೇಲೆ ಬರೀ ಅಂಕಿ ಬರೆದು ಕೈ ಕಟ್ಟಿಕೊಂಡು ಕೂತುಬಿಟ್ಟರು. "ಇದರಾಗ ಒಂದ ಗುಟ್ಟ ಐತಿ. ಬೇಕಾದವ್ರು ಬಿಡಿಸ್ಕೋರಿ, ಬ್ಯಾಡಾದವ್ರು ಮಲಗ್ರಿ," ಎಂದರು. ಗುಟ್ಟು ಎಂದ ಮೇಲೆ ಯಾರು ಮಲಗುತ್ತಾರೆ? ಕ ಅಂದರೆ ಒಂದು, ಖ ಅಂದರೆ ಎರಡು, ಹೀಗೆ ಎಣಿಸುತ್ತ ಹೋದರೆ ಮ ಇಪ್ಪತ್ತೈದು. ಕಾಗುಣಿತಕ್ಕೆ ಬೇರೆ ಅಂಕಿ. ಬಚ್ಚಿಟ್ಟ ಅಂಕಿಯ ಹೆಸರು ಕ್ಷ. ಅದನ್ನು ಎರಡರಿಂದ ಗುಣಿಸಿ ಮೂರು ಕೂಡಿಸಿದ್ದೇನೆ, ಐವತ್ಮೂರು ಬಂದಿದೆ, ಹಾಗಾದರೆ ಒಳಗಿರುವ ಅಕ್ಷರ ಯಾವುದು? ಮೂರು ಕಳೆ, ಐವತ್ತು. ಅರ್ಧ ಮಾಡು, ಇಪ್ಪತ್ತೈದು. ಮ! ಮುಂದೆ ಕಡೆಯ ತಂಡದಲ್ಲಿ ಹಾಗೆ ಮೊದಲು ಎದ್ದು ನಿಂತು ಕೂಗಿದವನು ಹಿಂದಿನ ಬೆಂಚಿನ ಅಮಸಿದ್ದ. ಕುರುಬರ ಹುಡುಗ. ಅಲ್ಲಿಯ ತನಕ ಅವನ ದನಿಯನ್ನು ಆ ಸಾಲೆಯಲ್ಲಿ ಯಾರೂ ಕೇಳಿರಲಿಲ್ಲ.

ವಾರಕ್ಕೊಂದು ಸಲ ಕೀಲಿ ಬದಲಾಗುತ್ತಿತ್ತು. ಈ ವಾರ ಎರಡರಿಂದ ಗುಣಿಸಿದ್ದರೆ ಮುಂದಿನ ವಾರ ಏಳರಿಂದ ಗುಣಿಸಿ ಹನ್ನೊಂದು ಕಳೆದಿರುತ್ತಿತ್ತು, ಅದರ ಮುಂದಿನ ವಾರ ಕ್ಷದ ಜೊತೆ ಯ ಬಂದು ಸೇರುತ್ತಿತ್ತು. ಹುಡುಗರು ಊಟ ಬಿಟ್ಟು ಬಿಡಿಸುತ್ತಿದ್ದರು. ಒಂದು ಕಟ್ಟಳೆಯಿತ್ತು: ಬಿಡಿಸಿದವರು ಇನ್ನೊಬ್ಬರಿಗೆ ಉತ್ತರ ಹೇಳುವ ಹಾಗಿಲ್ಲ. ಯಾರೇ ಕೇಳಲಿ, ಅಪ್ಪ ಕೇಳಲಿ, ಹೆಡ್‌ಮಾಸ್ತರ ಕೇಳಲಿ, ಬಾಯಿ ಬಿಟ್ಟರೆ ಆಟದಿಂದ ಹೊರಗೆ. ಪ್ರತಿಯೊಬ್ಬನೂ ತಾನೇ ಬಿಡಿಸಿಕೊಳ್ಳಬೇಕು.

ಈ ಆಟಕ್ಕೆ ಶ್ರೀಶೈಲಪ್ಪನೂ ಬಿದ್ದ. ಮ್ಯಾಟ್ರಿಕ್ಕಿನಲ್ಲಿ ಬೀಜಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದ ಮನುಷ್ಯ, ಮೂವತ್ತೈದು ದಾಟಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ಪೆನ್ಸಿಲ್ ಕಚ್ಚುತ್ತ ಕೂರತೊಡಗಿದ. "ಯಾರಿಗೂ ಹೇಳಬ್ಯಾಡ್ರಿ ಸಾಬ್ರ, ಪಂಡಿತ ಹುಡುಗರ ಲೆಕ್ಕಾ ಮಾಡ್ತಾನ ಅಂತ ನಗ್ತಾರ," ಎಂದಿದ್ದ. "ನಾ ಯಾಕ ಹೇಳ್ಲಿ? ಕಟ್ಟಳಿ ಅಂದ್ರ ಕಟ್ಟಳಿ," ಎಂದಿದ್ದರು ಮಾಸ್ತರರು. ಸತ್ತರೂ ಹೇಳಲಿಲ್ಲ.

ಅರವತ್ತೈದರ ಸೆಪ್ಟೆಂಬರಿನಲ್ಲಿ ಮಾಸ್ತರರು ವರ್ಗದ ಹುಡುಗರಿಗೆಲ್ಲ ಒಂದೊಂದು ಚೀಟಿ ಕೊಟ್ಟರು. ಅಲ್ಲಿಯವರೆಗೆ ಕಲಿಸಿದ್ದೆಲ್ಲ ಸೇರಿದ ದೊಡ್ಡ ಗುಟ್ಟು. ಪಂಡಿತನಿಗೂ ಒಂದು ಬಂತು. ಅವನು ಮೂರು ದಿನ ಒದ್ದಾಡಿ ಬಿಡಿಸಿದ. ಬಿಡಿಸಿದ ದಿನ ಮಾಸ್ತರರಿಗೆ ತೋರಿಸಿ ಬಂದು ಶೇವಂತೆವ್ವನ ಮುಂದೆ ಎಳೆಯ ಹುಡುಗನ ಹಾಗೆ ಕುಣಿದ.

ಆಗ ಯುದ್ಧ ನಡೆದಿತ್ತು. ಸಂಗಣ್ಣನ ಅಟ್ಟದ ಮೇಲಿನ ರೇಡಿಯೋ ಸುತ್ತ ಊರೇ ಸೇರುತ್ತಿತ್ತು. ಗೂಢಚಾರರು ರೈಲಿನಲ್ಲಿ ಬಂದು ಇಳಿದಿದ್ದಾರಂತೆ, ಹಳ್ಳಿಹಳ್ಳಿ ಸೇರಿದ್ದಾರಂತೆ ಎಂದು ಸುದ್ದಿ. ಸಂಗಣ್ಣನ ಅಳಿಯ ಬಿ.ಎಸ್ಸಿ. ಮುಗಿಸಿ ಮಾವನ ಮನೆಯಲ್ಲೇ ಕೆಲಸವಿಲ್ಲದೆ ಕೂತಿದ್ದ. ಅಮಸಿದ್ದನ ಜೇಬಿನಿಂದ ಬಿದ್ದ ಚೀಟಿ ಸಂಗಣ್ಣನ ಕೈಗೆ ಹೋಯಿತು. ಬರೀ ಅಂಕಿ ತುಂಬಿದ ಕಾಗದ, ಬರೆದವನು ಮುಸಲ್ಮಾನ. ಇನ್ನೇನು ಬೇಕು? ಮಾರನೆಯ ದಿನ ಜೀಪು ಬಂತು.

ಫೌಜದಾರ ಕೋಣೆಯೊಳಗೆ ಕರೆದು ಕೇಳಿದಾಗ ಮಾಸ್ತರರು ಚೀಟಿಯಲ್ಲಿ ಏನಿದೆಯೆಂದು ಅವನೊಬ್ಬನಿಗೇ ಓದಿ ಹೇಳಿದರು. "ನೀ ಬರದದ್ದನ್ನ ನೀ ಹೆಂಗ ಬೇಕಾದ್ರೂ ಓದ್ತಿ," ಎಂದ ಫೌಜದಾರ. ಹೊರಗೆ ಬಂದು ಅಮಸಿದ್ದನನ್ನು ಕರೆಸಿ ಎಲ್ಲರ ಮುಂದೆ ಕೇಳಿದರು. ಹುಡುಗ ತುಟಿ ಬಿಗಿದು ನಿಂತ. ಮಾಸ್ತರರು "ಹೇಳೊ, ಹೇಳೊ ಮಗನ," ಎಂದರೂ ಹೇಳಲಿಲ್ಲ. ಇದೂ ಪರೀಕ್ಷೆಯ ಒಂದು ಭಾಗ ಎಂದು ತಿಳಿದಿದ್ದನಂತೆ, ಪಾಪ. ಕೆನ್ನೆಗೆ ಏಟು ಬಿತ್ತು. ಆಗಲೂ ಹೇಳಲಿಲ್ಲ. ನೋಡಿದಿರಾ, ಹುಡುಗರಿಗೆ ಹೇಗೆ ಪಟ್ಟು ಕಲಿಸಿದ್ದಾನೆ ಎಂದು ಸಂಗಣ್ಣ ಫೌಜದಾರನಿಗೆ ತೋರಿಸಿದ.

"ಬ್ಯಾರೆ ಯಾರರೆ ಓದ್ತೀರೇನು?" ಎಂದು ಫೌಜದಾರ ಶಿಕ್ಷಕರ ಕಡೆ ತಿರುಗಿದ. "ಹೊರಗಿನವ್ರು ಒಬ್ರು ಓದಿ, ಈತ ಹೇಳಿದ್ದಕ್ಕ ಹೊಂದಿದ್ರ ನಾ ಇಲ್ಲೇ ಬಿಟ್ಟು ಹೋಗ್ತೇನಿ."

ಏಳು ಮಂದಿ ಶಿಕ್ಷಕರು ಸಾಲಾಗಿ ನಿಂತಿದ್ದರು. ಮೂರನೆಯವನು ಶ್ರೀಶೈಲಪ್ಪ. ಅದೇ ಚೀಟಿ, ಅದರ ಕೆಳಗೆ ಅವನದೇ ಪೆನ್ಸಿಲ್ಲಿನಲ್ಲಿ ಬಿಡಿಸಿದ ಉತ್ತರ, ಅವನ ಅಂಗಿಯ ಜೇಬಿನಲ್ಲಿತ್ತು. ಸಂಗಣ್ಣ ಒಬ್ಬೊಬ್ಬರ ಮುಖ ನೋಡುತ್ತ ಬಂದ. ಶ್ರೀಶೈಲಪ್ಪ ತನ್ನ ಕಾಲಬೆರಳು ನೋಡಿಕೊಂಡ. ಮಾಸ್ತರರು ಅವನನ್ನು ಒಮ್ಮೆ ನೋಡಿದರು, ಆಮೇಲೆ ಅವನಿಗೆ ತೊಂದರೆಯಾಗದಿರಲೆಂದು ನೋಟವನ್ನು ಬೇರೆ ಕಡೆ ಒಯ್ದರು. ಹಾಗೆ ಒಯ್ದದ್ದು ಅವನಿಗೆ ಕಂಡಿತ್ತು.

ಜೀಪು ಹೋದ ಮೇಲೆ ಅವನು ಮನೆಗೆ ಬಂದು ಚೀಟಿಯನ್ನು ಒಲೆಗೆ ಹಾಕಿದ. ಶೇವಂತೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ನಾಲ್ಕು ದಿನಕ್ಕೆ ಮಾಸ್ತರರನ್ನು ಬಿಟ್ಟರು, ಏನೂ ಸಿಗಲಿಲ್ಲವಂತೆ. ಕಮಿಟಿ ಮಾತ್ರ ಒಳಗೆ ಕರೆದುಕೊಳ್ಳಲಿಲ್ಲ. ಸಾಲೆಗೆ ಕೆಟ್ಟ ಹೆಸರು ಎಂದಿತು. ದೀಪಾವಳಿಯ ಮುಂಚೆ ಸಂಗಣ್ಣನ ಅಳಿಯ ಬಂದು ಆ ಕುರ್ಚಿಯಲ್ಲಿ ಕೂತ.

*

ಮಧ್ಯಾಹ್ನದ ನಮಾಜು ಮುಗಿದು ಮಸೀದಿಯ ಅಂಗಳದಲ್ಲಿ ಶವ ಹೊರುವ ಮಂಚ, ಜನಾಜಾ, ಇಟ್ಟಿದ್ದರು. ಬಿಳಿಯ ಬಟ್ಟೆಯೊಳಗೆ ಮಾಸ್ತರರು ಇನ್ನೂ ಉದ್ದವಾಗಿ ಕಾಣುತ್ತಿದ್ದರು. ಮುಸಲ್ಮಾನರು ಸಾಲು ಕಟ್ಟುತ್ತಿದ್ದರು. ಉಳಿದವರು ತಲೆಯ ಮೇಲೆ ವಸ್ತ್ರ ಹಾಕಿಕೊಂಡು ಗೋಡೆಯ ಪಕ್ಕ ನಿಂತಿದ್ದರು. ಹಳೆಯ ವಿದ್ಯಾರ್ಥಿಗಳು ತಾಂಬಾದಿಂದ, ಸಿಂದಗಿಯಿಂದ ಸೈಕಲ್ ತುಳಿದುಕೊಂಡು ಬಂದಿದ್ದರು. ಅಮಸಿದ್ದ ಮೀಸೆ ಬಂದ ಆಳಾಗಿದ್ದ. ವಿಜಾಪುರದ ಕಾಲೇಜಿನಲ್ಲಿ ಗಣಿತ ಓದುತ್ತಿದ್ದ.

ಸಂಗಣ್ಣ ಬಂದ. ರೇಶಿಮೆಯ ಪಟಕಾ ಸುತ್ತಿ, ಆಳಿನ ಕೈಯಲ್ಲಿ ಹೂವಿನ ಬುಟ್ಟಿ ಹೊರಿಸಿಕೊಂಡು, ತನ್ನ ಮನೆಯ ಕಾರ್ಯವೇನೋ ಎಂಬಂತೆ ಬಂದ. ನಿಲ್ಲಲು ಎಷ್ಟು ಜಾಗವಿದ್ದರೂ ಶ್ರೀಶೈಲಪ್ಪನ ಪಕ್ಕಕ್ಕೇ ಬಂದು ನಿಂತ.

"ಭಾಳ ಚಲೋ ಮನುಷ್ಯಾ ಇದ್ದಾ," ಎಂದ ಮೆಲ್ಲಗೆ. "ಟೈಮ್ ಕೆಟ್ಟಿತ್ತು, ಅಷ್ಟ."

ಶ್ರೀಶೈಲಪ್ಪ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡ.

"ಪಂಡಿತ್ರ, ಮಣ್ಣ ಆದಮ್ಯಾಲ ಕಮಿಟಿ ಪರವಾಗಿ ಎರಡ ಮಾತ ಆಡ್ರಿ. ನಿಮ್ಮ ಬಾಯಾಗ ಕನ್ನಡ ಛಂದ ಬರ್ತೈತಿ. ಹಾಂ, ಮತ್ತ ಜೂನದಾಗ ನಿಮ್ಮ ಹೆಡ್‌ಮಾಸ್ತರಕಿ ಠರಾವ ಐತಿ. ನಾ ಮರ್ತಿಲ್ಲ."

ಸಿಟ್ಟಿನ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡ. ಮೂರು ಹೆಣ್ಣುಮಕ್ಕಳಿದ್ದರು, ಹೆಡ್‌ಮಾಸ್ತರಕಿ ಇತ್ತು, ನುಂಗುವ ರೂಢಿಯೂ ಇತ್ತು.

ಆಗ ಕಾಸಿಂಸಾಬ ಜನಾಜಾದ ಮುಂದೆ ಬಂದು ಮಂದಿಯ ಕಡೆ ತಿರುಗಿ ಕೈ ಜೋಡಿಸಿದ. ಮಣ್ಣಿಗೆ ಒಯ್ಯುವ ಮುಂಚೆ ಸತ್ತವರ ಪರವಾಗಿ ಮನೆಯವರು ಎಲ್ಲರನ್ನೂ ಕೇಳಿಕೊಳ್ಳುವ ಪದ್ಧತಿ.

"ನಮ್ಮ ಭಾವಾರು ತಮ್ಮ ಜೀವಮಾನದಾಗ ಯಾರಿಗರೆ ಮಾತಿನ್ಯಾಗ, ಕೈಲೆ, ತಿಳದೋ ತಿಳೀದೋ ಏನರೆ ತಪ್ಪ ಮಾಡಿದ್ರ," ಎನ್ನುವಾಗ ಅವನ ದನಿ ಒಡೆಯಿತು, "ದೊಡ್ಡ ಮನಸ ಮಾಡಿ ಮಾಫ್ ಮಾಡ್ರಿ."

"ಮಾಫ್ ಐತಿ, ಮಾಫ್ ಐತಿ," ಎಂದು ಅಲ್ಲಲ್ಲಿ ಗುನುಗಿದರು.

ಸಂಗಣ್ಣ ಗಂಟಲು ಸರಿಮಾಡಿಕೊಂಡ. ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಸಾಲಿ ಕಮಿಟಿ ಪರವಾಗಿ ನಾ ಹೇಳ್ತೇನಿ. ಆದದ್ದ ಆಗಿಹೋತು. ಮನಸಿನ್ಯಾಗ ಏನೂ ಇಟಗೊಂಡಿಲ್ಲ. ನಾವು ಮಾಸ್ತರಗ ಮಾಫ್ ಮಾಡೀವಿ."

"ಏನ್ ಮಾಫ್ ಮಾಡಿದ್ರಿ?"

ದನಿ ಎಲ್ಲಿಂದ ಬಂತೆಂದು ಮಂದಿ ತಿರುಗಿ ನೋಡಿದರು. ಶ್ರೀಶೈಲಪ್ಪನಿಗೂ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಅದು ತನ್ನದೇ ಎಂದು ಗೊತ್ತಾಗಿ, ಗೊತ್ತಾದ ಮೇಲೆ ನಿಲ್ಲಿಸಲಾಗಲಿಲ್ಲ.

"ಏನ್ ಮಾಫ್ ಮಾಡಿದ್ರಿ, ಹೇಳ್ರಿ ಸಾಹುಕಾರ್ರ! ಆತ ನಿಮಗೇನ್ ಮಾಡಿದ್ದಾ? ನಿಮ್ಮ ಅಳಿಯಗ ಕುರ್ಚಿ ಬೇಕಾಗಿತ್ತು, ಆತನ್ನ ಜೀಪಿನ್ಯಾಗ ಹಾಕಿ ಕಳಿಸಿದ್ರಿ. ಈಗ ಹೆಣದ ಮುಂದ ನಿಂತ ನೀವ ಮಾಫ್ ಮಾಡ್ತೀರಿ? ನಾಚಿಕಿ ಬರೂದಿಲ್ಲ?"

"ಪಂಡಿತ್ರ, ಇದು ಅದರ ಟೈಮ್ ಅಲ್ಲ."

"ಇದ ಟೈಮ್! ಆ ಚೀಟ್ಯಾಗ ಏನ್ ಬರದಿತ್ತು ಗೊತ್ತೇನ್ರಿ ನಿಮಗ? ದೇಶದ್ರೋಹ, ಗೂಢಚಾರ ಅಂತ ಊರ ತುಂಬ ಸಾರಿದ್ರಲ್ಲಾ, ಕೇಳ್ರಿ. 'ಇದನ್ನ ಓದಿದಿ ಅಂದ್ರ ನಿನಗ ಬೀಜಗಣಿತ ಬಂತು. ಇನ್ನ ಯಾರಿಗೂ ಹೆದರಬ್ಯಾಡ.' ಇಷ್ಟ ಬರದಿತ್ತು. ಇಷ್ಟ!"

ಸಾಲಿನಲ್ಲಿ ನಿಂತ ಮುದುಕನೊಬ್ಬ ಕಣ್ಣೊರೆಸಿಕೊಂಡ. ಸಂಗಣ್ಣನ ಮುಖ ಕಪ್ಪಿಟ್ಟಿತು. ಶ್ರೀಶೈಲಪ್ಪನ ಎದೆ ಎರಡೂವರೆ ವರ್ಷದಲ್ಲಿ ಮೊದಲ ಸಲ ಹಗುರಾಯಿತು. ಹೋದರೆ ಹೋಗಲಿ ಹೆಡ್‌ಮಾಸ್ತರಕಿ ಎನ್ನಿಸಿತು.

"ಹೌದ್ರಿ, ಅದ ಬರದಿತ್ತು," ಎಂದ ಅಮಸಿದ್ದ ಮುಂದೆ ಬಂದು. ಅವನ ಮುಖದಲ್ಲಿ ಸಂತೋಷವಿತ್ತು, ಬೆರಗಿತ್ತು. "ಅಕ್ಷರಕ್ಕ ಅಕ್ಷರ ಅದ. ನಾವು ಯಾರೂ ಇವತ್ತಿನ ತನಕ ಹೊರಗ ಬಿಟ್ಟಿಲ್ರಿ. ನಿಮಗ ಯಾರ್ ಹೇಳಿದ್ರಿ ಸರ್?"

"ಯಾರೂ ಹೇಳಿಲ್ಲ. ನಾನ ಬಿಡಿಸೇನಿ."

"ನೀವ ಬಿಡಿಸಿದ್ರ್ಯಾ? ಯಾವಾಗ್ರಿ?"

ಹುಡುಗನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅದೇ ಆಟ ಆಡಿದ ಇನ್ನೊಬ್ಬ ಸಿಕ್ಕನಲ್ಲ ಎಂಬ ಖುಷಿಗೆ ಕೇಳಿದ್ದ. ಶ್ರೀಶೈಲಪ್ಪ ಬಾಯಿ ತೆರೆದ. ಹೋದ ವರ್ಷ ಎನ್ನಬಹುದಿತ್ತು, ಮೊನ್ನೆ ಎನ್ನಬಹುದಿತ್ತು, ಯಾರು ನೋಡಿದ್ದರು? ಆದರೆ ಎದುರಿಗೆ ಬಿಳಿಯ ಬಟ್ಟೆಯಲ್ಲಿ ಮಾಸ್ತರರು ಮಲಗಿದ್ದರು.

"ಜೀಪ ಬರೂಕಿಂತ ಒಂದ ದಿನಾ ಮೊದಲ," ಎಂದ.

ಕಾಸಿಂಸಾಬ ಜೋಡಿಸಿದ ಕೈಗಳನ್ನು ಕೆಳಗಿಳಿಸಿದ.

"ಅವತ್ತ ನಿಮಗ ಓದಾಕ ಬರ್ತಿತ್ತು?"

"ಬರ್ತಿತ್ತು."

"ಫೌಜದಾರ ಕೇಳಿದಾಗ ನೀವು ಅಲ್ಲೇ ನಿಂತಿದ್ರಿ?"

"ನಿಂತಿದ್ನಿ. ಕಾಸಿಂ, ನಾ..."

"ಭಾವಾರಿಗೆ ಗೊತ್ತಿತ್ತೇನ್ರಿ?"

ಶ್ರೀಶೈಲಪ್ಪ ಹೌದೆಂದು ತಲೆಯಾಡಿಸಿದ.

ಕಾಸಿಂಸಾಬ ಬೈಯಲಿಲ್ಲ. ಬೈದಿದ್ದರೆ, ಅಂಗಿ ಹಿಡಿದು ಎಳೆದಾಡಿದ್ದರೆ ಶ್ರೀಶೈಲಪ್ಪ ಅವನ ಕಾಲಿಗೆ ಬೀಳುತ್ತಿದ್ದ. ಅವನು ಹಿಂದಕ್ಕೆ ತಿರುಗಿ ಸಾಲಿನಲ್ಲಿ ಹೋಗಿ ನಿಂತ. ಮೌಲ್ವಿಗಳು ಕೈ ಎತ್ತಿದರು. ಜನಾಜಾದ ನಮಾಜು ಶುರುವಾಯಿತು, ಮುಗಿಯಿತು. ಗೋಡೆಯ ಪಕ್ಕ ನಿಂತವರು ಶ್ರೀಶೈಲಪ್ಪನಿಂದ ಒಬ್ಬೊಬ್ಬರಾಗಿ ಎರಡೆರಡು ಹೆಜ್ಜೆ ಸರಿದಿದ್ದರು. ಅವರಲ್ಲಿ ಅವತ್ತು ಸಾಲಾಗಿ ನಿಂತಿದ್ದ ಶಿಕ್ಷಕರೂ ಇದ್ದರು. ತಾವು ಓದಲು ಬಾರದೆ ಸುಮ್ಮನಿದ್ದವರು, ತಮ್ಮದೇನೂ ತಪ್ಪಿಲ್ಲ ಎಂಬಂತೆ ಅವರ ಮುಖಗಳಿದ್ದವು. ಅದನ್ನು ನೋಡಿ ಅವನಿಗೆ ಮತ್ತೆ ಸಿಟ್ಟು ಬಂತು, ಆದರೆ ಯಾವ ಬಾಯಿಂದ ಆಡುವುದು?

ಜನಾಜಾ ಎತ್ತಿದರು. ಶ್ರೀಶೈಲಪ್ಪ ಮಂದಿಯ ನಡುವೆ ನುಗ್ಗಿ ಹೋಗಿ ಹಿಂದಿನ ಕಟ್ಟಿಗೆಗೆ ಹೆಗಲು ಕೊಟ್ಟ. ಒಂದು ಹೆಜ್ಜೆ ಇಟ್ಟಿರಬೇಕು. ಕಾಸಿಂಸಾಬ ಪಕ್ಕಕ್ಕೆ ಬಂದು ಅವನ ಬೆರಳುಗಳನ್ನು ಒಂದೊಂದಾಗಿ, ನೋವಾಗದಂತೆ, ಕಟ್ಟಿಗೆಯಿಂದ ಬಿಡಿಸಿದ.

"ಅಮಸಿದ್ದ, ಬಾರಪಾ," ಎಂದು ಕರೆದ. "ಇಲ್ಲಿ ಹೆಗಲ ಕೊಡು."

ಹುಡುಗ ಪಂಡಿತರ ಮುಖ ನೋಡದೆ ಬಂದು ಹೆಗಲು ಕೊಟ್ಟ. ಜನಾಜಾ ಹೊರಟಿತು. ಕಲಿತ ಹುಡುಗರು, ಸೈಕಲ್ಲಿನವರು, ಗಾಣದವರು, ಶಿಕ್ಷಕರು ಎಲ್ಲರೂ ಅದರ ಹಿಂದೆ ಹೊರಟರು. ಧೂಳು ಎದ್ದು ಓಣಿಯ ತಿರುವಿನಲ್ಲಿ ಬಿಳಿಯ ಬಟ್ಟೆ ಮರೆಯಾಯಿತು. ಅಂಗಳ ಬರಿದಾಯಿತು.

ಶ್ರೀಶೈಲಪ್ಪ ಬರಿಗಾಲಿನಲ್ಲಿ ನಡು ಬಿಸಿಲಲ್ಲಿ ನಿಂತಿದ್ದ. ಹಿಂದೆ ಯಾರೋ ಬರುವ ಸಪ್ಪಳವಾಯಿತು. ಛತ್ರಿ ಪಟ್ಟೆಂದು ಬಿಚ್ಚಿಕೊಂಡ ಸದ್ದಾಯಿತು. ಸಂಗಣ್ಣ ಪಕ್ಕದಲ್ಲಿ ಬಂದು ನಿಂತು ತನ್ನ ಛತ್ರಿಯನ್ನು ಅವನ ಕಡೆಗೆ ಅರ್ಧ ವಾಲಿಸಿ ಹಿಡಿದ.

"ಬಿಸಲ ಭಾಳ ಐತಿ ಪಂಡಿತ್ರ," ಎಂದ ಸಂಗಣ್ಣ, ಸಮಾಧಾನದ ದನಿಯಲ್ಲಿ. "ಒಳಗ ಬರ್ರಿ."

ಇಡೀ ಅಂಗಳದಲ್ಲಿ ಉಳಿದದ್ದು ಅವರಿಬ್ಬರೇ. ಶ್ರೀಶೈಲಪ್ಪನ ಪಾದಗಳು ಸುಡುತ್ತಿದ್ದವು. ತಲೆಯ ಮೇಲೆ ನೆರಳಿತ್ತು.